ತೆಂಗಿನ ನೆರಳಲ್ಲಿ ಸೋಲಾರ್ ಲೆಕ್ಕ
ತಿಪಟೂರು, ತುರುವೇಕೆರೆ ಕಡೆ ಮಾಳಿಗೆ ಮೇಲೆ ಸೋಲಾರ್ ಹಾಕಿಸಬೇಕೆನ್ನುವವರು ಮೊದಲು ಕರೆಂಟ್ ಬಿಲ್ ತೆಗೆದು ನೋಡಲಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನವಿದೆ. ಅದು ಕಳೆದು ಕೈಯಿಂದ ಬೀಳುವುದು ಹೆಚ್ಚುಕಡಿಮೆ ಒಂದು ಲಕ್ಷ. ಕಿಲೋವ್ಯಾಟ್‌ಗೆ ದಿನಕ್ಕೆ ಸುಮಾರು 4 ಯೂನಿಟ್ ಅಂದರೆ 3 ಕಿಲೋವ್ಯಾಟ್‌ಗೆ ತಿಂಗಳಿಗೆ 360. ಯೂನಿಟ್‌ಗೆ 6 ರೂಪಾಯಿಯಂತೆ, ಅಷ್ಟನ್ನೂ ಬಳಸುವ ಮನೆಗೆ ಐದು ವರ್ಷದೊಳಗೆ ಅಸಲು ಹುಟ್ಟುತ್ತದೆ. ಕಾಯಿ ಉಂಡೆಕೊಬ್ಬರಿಯಾಗಲೆಂದು ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿಟ್ಟು ಕಾಯುವ ನಮ್ಮವರಿಗೆ ಇದೇನೂ ದೊಡ್ಡ ಕಾಲವಲ್ಲ. ಆದರೆ ಗೃಹಜ್ಯೋತಿಯಲ್ಲಿ ಬಿಲ್ಲೇ ಸೊನ್ನೆ ಬರುವ ಮನೆಗೆ ಉಳಿತಾಯ ಎಲ್ಲಿಂದ ಬರಬೇಕು? ಹೆಚ್ಚುವರಿ ಯೂನಿಟ್‌ಗೆ ಬೆಸ್ಕಾಂ ಕೊಡುವ ದರವೂ ಕಡಿಮೆಯೇ. ಅಂಥವರಿಗೆ ಸಾಲ ಮಾಡಿ ಹಾಕಿಸಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಜೊತೆಗೆ ಮನೆಯ ಸುತ್ತ ತೆಂಗು. ಬೆಳಗ್ಗೆ ಒಂದು ಗರಿಯ ನೆರಳು ಒಂದೇ ಪ್ಯಾನೆಲ್ ಮೇಲೆ ಅಡ್ಡಬಿದ್ದರೂ ಅದೇ ಸಾಲಿಗೆ ಜೋಡಿಸಿದ ಉಳಿದವೂ ಸೊರಗಬಹುದು. ಒಣಗಿದ ಎಡಮಟ್ಟೆಯೋ ಕಾಯಿಯೋ ಬಿದ್ದರೆ ಗಾಜಿನ ಗತಿ ಹೇಳುವುದೇ ಬೇಡ. ಇನ್ನೊಂದು ಮಾತು: ಬ್ಯಾಟರಿಯಿಲ್ಲದ ಆನ್‌ಗ್ರಿಡ್ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಮಾರುವವರು ಇದನ್ನು ಮುಂಗಡ ಪಡೆಯುವ ಮೊದಲೇ ಬಿಡಿಸಿ ಹೇಳಬೇಕು.