ಹಗಲು ಸರಿ, ರಾತ್ರಿ ತಪ್ಪು

ನಾನು ಆಫೀಸಿನಲ್ಲಿ ಏನು ಮಾಡ್ತೀನಿ ಅಂತ ನಮ್ಮ ಅತ್ತೆಗೆ ಇಪ್ಪತ್ತು ವರ್ಷದಿಂದ ಹೇಳ್ತಾನೇ ಇದ್ದೀನಿ, ಇನ್ನೂ ಅರ್ಥ ಮಾಡಿಸೋಕೆ ಆಗಿಲ್ಲ. 1988ರಲ್ಲಿ ಬಂದ ಎಎಸ್/400 ಎಂಬ ಮಧ್ಯಮ ಗಾತ್ರದ ಕಂಪ್ಯೂಟರ್ ಈಗ ಐಬಿಎಂ ಐ ಅನ್ನೋ ಹೆಸರಿನಲ್ಲಿ ದುಡಿಯುತ್ತಿದೆ. ನನ್ನ ಅನ್ನ ಅದರಿಂದಲೇ.

ಕಳೆದ ತಿಂಗಳು ನಮ್ಮ ತಂಡದ ಹೊಸ ಹುಡುಗಿಗೆ ಒಂದು ಕೆಲಸ ಕೊಟ್ಟಿದ್ದರು. ಹಗಲು ಓಡುತ್ತಿದ್ದ ಗೋದಾಮಿನ ವರದಿಯನ್ನು ರಾತ್ರಿಯ ಬ್ಯಾಚಿಗೆ ಹಾಕಬೇಕು, ಅಷ್ಟೇ. ಸಿಎಲ್ ಪ್ರೋಗ್ರಾಂ ಗೋದಾಮಿನ ಸಂಖ್ಯೆಯನ್ನು, ಉದಾಹರಣೆಗೆ 125 ಅನ್ನೋಣ, ಆರ್‌ಪಿಜಿ ಪ್ರೋಗ್ರಾಂಗೆ ದಾಟಿಸುತ್ತದೆ. ನೇರವಾಗಿ ಕರೆದರೆ ಸರಿ. ರಾತ್ರಿ ಮಾತ್ರ ‘ಡೆಸಿಮಲ್ ಡೇಟಾ ಎರರ್’. ಮೂರು ರಾತ್ರಿ ಹೀಗೇ. ಬೆಳಗಿನ ಮೀಟಿಂಗಿನಲ್ಲಿ ಎಲ್ಲರ ಕಣ್ಣೂ ಅವಳ ಮೇಲೆ. “ಮೇಡಂ, ನಾನು ಟೆಸ್ಟ್ ಮಾಡಿಯೇ ಕೊಟ್ಟಿದ್ದು” ಅಂದಳು, ಗಂಟಲು ಕಟ್ಟಿತ್ತು.

ಅವಳು ಹೇಳಿದ್ದು ನಿಜ. ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಸಂಖ್ಯೆಯನ್ನು ಕೊಡೋದಿಲ್ಲ, ಸಂಖ್ಯೆ ಇರೋ ಜಾಗವನ್ನು ತೋರಿಸುತ್ತದೆ. ಅಕ್ಕಿ ಎಲ್ಲಿದೆ ಅಂದರೆ ಅಮ್ಮ ‘ಮೇಲಿನ ಡಬ್ಬ’ ಅಂತಾರಲ್ಲ, ಹಾಗೆ. ಎಷ್ಟು ತೆಗೆಯಬೇಕು ಅನ್ನೋದು ತೆಗೆಯೋರ ಲೆಕ್ಕ. ಆರ್‌ಪಿಜಿ ಐದಂಕಿಯ ಪ್ಯಾಕ್ಡ್ ಸಂಖ್ಯೆ ಅಂದುಕೊಂಡು 3 ಬೈಟ್ ತೆಗೆಯುತ್ತದೆ. ಒಂದು ಬೈಟಿಗೆ ಎರಡು ಅಂಕಿ, ಕೊನೆಯ ಅರ್ಧದಲ್ಲಿ ಚಿಹ್ನೆ: 00 12 5ಎಫ್.

ಆದರೆ ಎಸ್‌ಬಿಎಂಜಾಬ್ ಮೂಲಕ ಕಳಿಸಿದಾಗ ಆ ಕರೆ ಬರೀ ಒಂದು ಸಾಲಿನ ಅಕ್ಷರವಾಗುತ್ತದೆ. ವೇರಿಯಬಲ್ಲಿನ ಅಳತೆ ಅಲ್ಲೇ ಕಳೆದುಹೋಯ್ತು, ಉಳಿದದ್ದು 125 ಅನ್ನೋ ಬರಹ. ರಾತ್ರಿ ಆ ಸಾಲು ಓಡುವಾಗ ಸಿಎಲ್ ತನ್ನ ಪದ್ಧತಿಯಂತೆ ಅದನ್ನು 15 ಅಂಕಿ, ಅದರಲ್ಲಿ 5 ದಶಾಂಶ ಮಾಡಿ 8 ಬೈಟಿನಲ್ಲಿ ಇಡುತ್ತದೆ: 00 00 00 01 25 00 00 0ಎಫ್. ಆರ್‌ಪಿಜಿ ಮೊದಲ ಮೂರನ್ನು ಓದಿತು. ಬರೀ ಸೊನ್ನೆ. ಚಿಹ್ನೆ ಇರಬೇಕಾದ ಕಡೆಯೂ ಸೊನ್ನೆ. ಅಲ್ಲೇ ನಿಂತಿತು.

ನಿಂತಿದ್ದೇ ಪುಣ್ಯ ಅನ್ನಿ. ಎರಡು ದಶಾಂಶದ ಏಳಂಕಿಯನ್ನು ದಶಾಂಶವಿಲ್ಲದ ಏಳಂಕಿಗೆ ದಾಟಿಸಿ ನೋಡಿ: ಎರಡೂ 4 ಬೈಟ್, ಎರರ್ ಬರೋದೇ ಇಲ್ಲ. 125.00 ರೂಪಾಯಿ ಸದ್ದಿಲ್ಲದೆ 12500 ಆಗುತ್ತೆ. ನನಗೆ ಭಯ ಅದರದ್ದೇ.

125ನ್ನು ಹೆಕ್ಸಿನಲ್ಲಿ ಬರೆದು ಕಳಿಸಬಹುದಿತ್ತು, ಆದರೆ ನಾಳೆ ಓದೋರಿಗೆ ತಲೆನೋವು. ಐದಂಕಿ, ದಶಾಂಶ ಇಲ್ಲ ಅಂತ ಹೇಳಿರೋ ನಮ್ಮದೇ ಒಂದು ಕಮ್ಯಾಂಡ್ ಮಾಡಿಸಿ, ಕರೆಯ ಬದಲು ಅದನ್ನೇ ಬ್ಯಾಚಿಗೆ ಕಳಿಸೋ ಹಾಗೆ ಮಾಡಿದೆವು. ಬರೆದದ್ದು ಅವಳೇ. ಬ್ಯಾಚಿಗೆ ಹಾಕಿ ಟೆಸ್ಟ್ ಮಾಡಬೇಕು ಅಂತ ಅವಳಿಗೆ ನಾವ್ಯಾರೂ ಹೇಳಿರಲಿಲ್ಲ, ಅದನ್ನೂ ಮೀಟಿಂಗಿನಲ್ಲಿ ಹೇಳಿದೆ.

ಆ ರಾತ್ರಿ ಎರಡು ಗಂಟೆಗೆ ಫೋನ್ ಮಿನುಗಿತು. ‘ಮೇಡಂ, ಮುಗೀತು. ಎರರ್ ಇಲ್ಲ.’ ಮಲಗು ಅಂತ ಬರೆದೆ. ಅತ್ತೆ ಪಕ್ಕದ ಕೋಣೆಯಿಂದ, “ಈ ಹೊತ್ತಲ್ಲಿ ಯಾರೇ ಅದು?” ಅಂದರು.