ಗಡಿಯ ಕಾವಲು ಗುಮಾಸ್ತನ ಕೈಗೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯವನ್ನು ಕಂಡು ನಮ್ಮ ಹಿರಿಯರು ನಕ್ಕರು. ಇಂದಿನ ಸರಕಾರಗಳು ಅದನ್ನೇ ಕಾಯಿದೆಯಾಗಿ ಬರೆದುಕೊಂಡಿವೆ. ಸರಿಯಾದ ಕಾಗದವಿಲ್ಲದ ಪರದೇಶದ ಪ್ರಯಾಣಿಕನು ಬಂದಿಳಿದರೆ, ಅವನನ್ನು ಹೊತ್ತು ತಂದ ವಿಮಾನ ಕಂಪೆನಿಗೆ ದಂಡ! ಬ್ರಿಟನ್ನು 1987ರಲ್ಲಿ ತಲೆಗೆ 1,000 ಪೌಂಡು ಗೊತ್ತುಮಾಡಿತು. ನಮ್ಮ ದೇಶದ 2000ದ ಕಾಯಿದೆ 1 ಲಕ್ಷ ರೂಪಾಯಿ ಎಂದಿತು. 2025ರಲ್ಲಿ ಅದರ ಸ್ಥಾನಕ್ಕೆ ಬಂದ ಹೊಸ ಕಾಯಿದೆ ದಂಡವನ್ನು 5 ಲಕ್ಷದವರೆಗೆ ಏರಿಸಿದೆ. ಇದಲ್ಲದೆ, ಒಳಗೆ ಬಿಡದ ಪ್ರಯಾಣಿಕನನ್ನು ಮರಳಿ ಒಯ್ಯುವ ಹೊಣೆಯೂ ಲೋಕದ ಎಲ್ಲೆಡೆ ಕಂಪೆನಿಯದೇ.

'ವಿಮಾನದವರಿಗೆ ದಂಡವಾದರೆ ಯಾದಗಿರಿ, ಶಹಾಪುರ, ಸುರಪುರದ ನಮಗೇನು?' ಎಂದು ವಾಚಕರು ಕೇಳಿಯಾರು. ಕಂಡದ್ದನ್ನು ಹೇಳುತ್ತೇನೆ.

ಶಹಾಪುರದ ನನ್ನ ನೆರೆಯ ವೃದ್ಧರೊಬ್ಬರು ತೊಗರಿ ಮಾರಿದ ಹಣದಲ್ಲಿ ಟಿಕೆಟ್ಟು ಕೊಂಡು, ದುಬೈಯಲ್ಲಿ ದುಡಿಯುವ ಮಗನ ಮನೆಗೆ, ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆಂದು ಹೊರಟರು. ವೀಸಾ ಬಂದಿತ್ತು. ಆದರೆ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು, ಅಡ್ಡಹೆಸರಿನ ಜಾಗ ಖಾಲಿ. ನಮ್ಮ ಸೀಮೆಯಲ್ಲಿ ಇದು ಅಪರೂಪವೇ? ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರಿನಲ್ಲಿ, ಸಂದರ್ಶಕರ ವೀಸಾದವರಲ್ಲಿ ಇಂಥ ಒಂಟಿ ಹೆಸರಿನವರಿಗೆ ಪ್ರವೇಶವಿಲ್ಲವೆಂದಿತು. ಕೆಲವೇ ದಿನಗಳಲ್ಲಿ, ಇನ್ನೊಂದು ಪುಟದಲ್ಲಿ ತಂದೆಯ ಇಲ್ಲವೆ ಮನೆತನದ ಹೆಸರಿದ್ದರೆ ಸಾಕೆಂದು ನಿಯಮವನ್ನು ಸಡಿಲಿಸಿತು. ನಮ್ಮ ವೃದ್ಧರು ಹೊರಟದ್ದು ಅದಾದ ಮೇಲೆಯೇ, ಅವರ ತಂದೆಯ ಹೆಸರು ಆ ಪುಟದಲ್ಲಿ ಸ್ಪಷ್ಟವಾಗಿಯೇ ಇತ್ತು. ಗುಮಾಸ್ತನು ಪುಟ ತಿರುವಲಿಲ್ಲ, 'ಆಗುವುದಿಲ್ಲ' ಎಂದ. ವಿಮಾನ ಹೋಯಿತು, ಹಣವೂ ಹೋಯಿತು. ಮರುದಿನ ಬಸ್ಸಿನಿಂದಿಳಿದ ವೃದ್ಧರು ನನಗೆಂದರು: "ನಂದು ಒಂದ ಹೆಸರ ಸಾಲಿಲ್ರೀ ಸರ."

ಆ ಗುಮಾಸ್ತನನ್ನು ನಾನು ಬಯ್ಯಲಾರೆ. ಅರ್ಹನನ್ನು ತಡೆದರೆ ಅವನಿಗೆ ನಷ್ಟವಿಲ್ಲ, ಅನರ್ಹನನ್ನು ಹತ್ತಿಸಿದರೆ ಕಂಪೆನಿಗೆ ಪೆಟ್ಟು. ಹೀಗಿರುವಾಗ ಸಂಶಯ ಬಂದೆಡೆಯೆಲ್ಲ 'ಇಲ್ಲ' ಎನ್ನುವುದೇ ಅವನಿಗೆ ಜಾಣತನ. ತಪ್ಪಿರುವುದು ತಕ್ಕಡಿಯಲ್ಲಿ, ತೂಗುವ ಕೈಯಲ್ಲಲ್ಲ.

ಈ ಸೀಮೆ 1948ರವರೆಗೆ ನಿಜಾಮರದು. ಆಗಿನ ಕರೋಡಗಿರಿ ನಾಕೆಯ ಕಿರುಕುಳವನ್ನು ಯಾರೂ ಹೊಗಳಲಾರರು. ಆದರೂ ಅಲ್ಲಿ ಗಂಟು ಬಿಚ್ಚಿಸುತ್ತಿದ್ದವನು ಸರಕಾರದ ನೌಕರ. ದೂರು ಒಯ್ಯಬೇಕಾದದ್ದು ಯಾರ ಬಾಗಿಲಿಗೆಂಬುದು ಗೊತ್ತಿತ್ತು. ಇಂದಿನ ನಾಕೆಯವನು ಯಾವ ಸರಕಾರಕ್ಕೂ ಸೇರಿದವನಲ್ಲ. ನಮ್ಮ 2000ದ ಕಾಯಿದೆಯೇ ದಂಡ ಹಾಕುವ ಮೊದಲು ಕಂಪೆನಿಯ ಅಹವಾಲು ಕೇಳಬೇಕೆಂದಿತ್ತು. ಪ್ರಯಾಣಿಕನ ಅಹವಾಲು ಕೇಳುವವರು ಯಾರು?

ಪ್ರಾಣಭಯದಿಂದ ಓಡುವವನ ಗತಿ ಇನ್ನೂ ಘೋರ. ಅಂಥವನು ಅಕ್ರಮವಾಗಿ ಗಡಿ ದಾಟಿದರೂ ಶಿಕ್ಷಿಸಬಾರದೆಂದು 1951ರ ನಿರಾಶ್ರಿತರ ಒಡಂಬಡಿಕೆ ಹೇಳುತ್ತದೆ. ಆದರೆ ವೀಸಾ ಇಲ್ಲದವನನ್ನು ಯಾವ ಗುಮಾಸ್ತ ವಿಮಾನ ಹತ್ತಿಸಿಯಾನು? ಆತ ಗಡಿಯನ್ನು ಮುಟ್ಟುವುದೇ ಇಲ್ಲ. ಮುಟ್ಟಿದರೆ ಒಡಕು ದೋಣಿಯಲ್ಲಿ.

ಕಾಗದ ನೋಡದೆ ಎಲ್ಲರನ್ನೂ ತುಂಬಿಕೊಂಡು ಹೋಗಲೆಂದು ನಾನು ವಾದಿಸುತ್ತಿಲ್ಲ. ಸುಳ್ಳು ವೀಸಾ ಮಾರುವ ದಲ್ಲಾಳಿಗಳಿಗೆ ನಮ್ಮ ಹುಡುಗರೂ ಬಲಿಯಾದಾರು, ಅವರನ್ನು ಇಲ್ಲಿಯೇ ತಡೆಯುವುದು ಉಪಕಾರ. ಆದರೆ ತಿಳಿದೂ ಕರೆದೊಯ್ದ, ಇಲ್ಲವೆ ಕಣ್ಣುಮುಚ್ಚಿ ಹತ್ತಿಸಿದ ಕಂಪೆನಿಗೆ ಮಾತ್ರ ದಂಡವಿರಲಿ. ತಡೆದರೆ ಕಾರಣವನ್ನು ಬರೆದು ಕೊಡಲಿ. ಸಂಶಯ ಬಂದಲ್ಲಿ ಆ ದೇಶದ ಅಧಿಕಾರಿಯನ್ನೇ ಕೇಳಿ ತೀರ್ಮಾನಿಸಲಿ. ತಪ್ಪಾಗಿ ತಡೆದುದಾದರೆ ಟಿಕೆಟ್ಟಿನ ಹಣವನ್ನೂ ಅದರ ಮೇಲೆ ಪರಿಹಾರವನ್ನೂ ತೆರಲಿ. ಅನರ್ಹನನ್ನು ಹತ್ತಿಸಿದ್ದಕ್ಕೆ ಲಕ್ಷಗಟ್ಟಲೆ ಬೆಲೆ ಕಟ್ಟಿದವರು, ಅರ್ಹನನ್ನು ಇಳಿಸಿದ್ದಕ್ಕೂ ಒಂದು ಬೆಲೆ ಕಟ್ಟಬೇಡವೇ?

ಗಡಿ ಕಾಯುವುದು ಸರಕಾರದ ಕೆಲಸ. ಅದನ್ನು ಟಿಕೆಟ್ಟು ನೋಡುವವನ ಮೇಜಿಗೆ ದೂಡಿ, ಕೈ ತೊಳೆದುಕೊಳ್ಳುವುದು ಆಡಳಿತವಲ್ಲ. ಮೊಮ್ಮಗನ ತೊಟ್ಟಿಲು ತೂಗಲು ಹೊರಟ ಅಜ್ಜನಿಗೆ, 'ನಿನ್ನ ಹೆಸರು ಸಾಲದು' ಎನ್ನುವ ಅಧಿಕಾರವನ್ನು ಯಾವ ಪ್ರಜೆಯೂ ಯಾವ ಕಂಪೆನಿಗೂ ಕೊಟ್ಟಿಲ್ಲ.