ಕುತ್ತಿಗೆ ಉರಿಯದ ಹಾಗೆ ಶೇವ್ ಮಾಡೋದು

ಸೇಫ್ಟಿ ರೇಜರ್ ತಗೊಂಡು ಒಂದೇ ವಾರಕ್ಕೆ ಅದನ್ನು ಡ್ರಾಯರ್‌ನೊಳಗೆ ಎಸೆದವರು ನಮ್ಮ ಟೀಮಿನಲ್ಲೇ ಮೂರು ಜನ ಇದ್ದಾರೆ. ಒಬ್ಬನಿಗೆ ಕಾರ್ಟ್ರಿಜ್ ದುಬಾರಿ ಅನ್ನಿಸಿತ್ತು, ಇನ್ನೊಬ್ಬನಿಗೆ ಪ್ಲಾಸ್ಟಿಕ್ ಕಸ ಕಡಿಮೆ ಮಾಡಬೇಕಿತ್ತು, ಮೂರನೆಯವನು ರಾತ್ರಿ ಹನ್ನೊಂದಕ್ಕೆ ವಿಡಿಯೋ ನೋಡ್ತಾ ನೋಡ್ತಾ ಆರ್ಡರ್ ಮಾಡಿಬಿಟ್ಟಿದ್ದ. ಮೂವರ ದೂರೂ ಒಂದೇ: ಕುತ್ತಿಗೆ ಉರಿ. ಹೋದ ತಿಂಗಳು ಈ ಅಂಕಣದಲ್ಲಿ ಗೀಸರ್ ಬಗ್ಗೆ ಬರೆದಾಗಲೂ ಇಬ್ಬರು ಓದುಗರು ಗೀಸರ್ ಬಿಟ್ಟು ಇದನ್ನೇ ಕೇಳಿದ್ದರು.

ಇದು ಬರೀ ಅಂದಚೆಂದದ ವಿಷಯ ಅಂತ ನಾನೂ ಅಂದುಕೊಳ್ತಿದ್ದೆನೇನೋ, ನನ್ನ ತಮ್ಮ ಇಲ್ಲದೇ ಹೋಗಿದ್ದರೆ. ಅವನು ಮೈಸೂರಿನ ಒಂದು ಹೋಟೆಲಿನ ಫ್ರಂಟ್ ಆಫೀಸಿನಲ್ಲಿ ಟ್ರೈನಿ. ದಿನಾ ನುಣ್ಣಗೆ ಶೇವ್ ಆಗಿರಬೇಕು ಅನ್ನೋದು ಅಲ್ಲಿಯ ನಿಯಮ. ನಮ್ಮ ಮನೆಯಲ್ಲಿ ಅವನೊಬ್ಬನಿಗೇ ಗುಂಗುರು ಗಡ್ಡ. ಐದು ಬ್ಲೇಡಿನ ಕಾರ್ಟ್ರಿಜ್‌ನಲ್ಲಿ ದಿನಾ ಕೆರೆದು ಕೆರೆದು ಕುತ್ತಿಗೆ ತುಂಬ ಗುಳ್ಳೆ, ಗುಳ್ಳೆ ಒಣಗಿದ ಕಡೆ ಕಪ್ಪು ಕಲೆ. ಕಾಲರ್ ತಾಗಿದರೆ ಉರಿ. ಪ್ರೊಬೇಷನ್ ಮುಗಿಯೋಕೆ ನಾಲ್ಕು ತಿಂಗಳಿದ್ದಾಗ, ‘ಅಣ್ಣ, ಈ ಕೆಲಸ ನನಗೆ ಆಗಲ್ಲ ಅನ್ಸುತ್ತೆ’ ಅಂದ. ಕೆಲಸ ಅವನಿಗೆ ಇಷ್ಟವೇ ಇತ್ತು, ಬೆಳಗಿನ ಆ ಹತ್ತು ನಿಮಿಷ ಮಾತ್ರ ಬೇಡವಾಗಿತ್ತು.

ಮೊದಲು ಒಂದು ವಿಷಯ ಬಿಡಿಸಿಕೊಳ್ಳಬೇಕು. ಶೇವ್ ಮಾಡಿದ ಕೆಲವೇ ನಿಮಿಷಕ್ಕೆ ಚರ್ಮ ಕೆಂಪಾಗಿ ಉರಿಯೋದು ಒಂದು ತೊಂದರೆ. ಅದು ಉಜ್ಜಿದ ಗಾಯ. ಬ್ಲೇಡು ಕೂದಲಿನ ಜೊತೆ ಚರ್ಮದ ಮೇಲ್ಪದರವನ್ನೂ ಕೆರೆದಿರುತ್ತೆ. ಒಂದೆರಡು ದಿನದಲ್ಲಿ ತಾನಾಗೇ ಇಳಿಯುತ್ತೆ. ಒಂದೆರಡು ದಿನ ಬಿಟ್ಟು ಗಟ್ಟಿ ಗುಳ್ಳೆಗಳು ಏಳೋದು ಬೇರೆ ತೊಂದರೆ. ವೈದ್ಯರು ಅದಕ್ಕೆ ಸ್ಯೂಡೋಫಾಲಿಕ್ಯುಲೈಟಿಸ್ ಬಾರ್ಬೆ ಅಂತಾರೆ. ಚೂಪಾಗಿ ಕತ್ತರಿಸಿದ ಗುಂಗುರು ಕೂದಲು ಬೆಳೀತಾ ಬಾಗಿ ಮತ್ತೆ ಚರ್ಮಕ್ಕೇ ಚುಚ್ಚಿಕೊಳ್ಳುತ್ತೆ, ಇಲ್ಲವೇ ಚರ್ಮದ ಒಳಗೇ ತಿರುಗಿ ಬೆಳೆಯುತ್ತೆ. ದೇಹ ಅದನ್ನು ಮುಳ್ಳು ಅಂತಲೇ ನೋಡಿ ಊದಿಕೊಳ್ಳುತ್ತೆ.

ಬಹಳ ಬ್ಲೇಡಿನ ಕಾರ್ಟ್ರಿಜ್ ಈ ಎರಡನೆಯ ತೊಂದರೆಯನ್ನು ಹೆಚ್ಚಿಸಬಹುದು. ಮೊದಲ ಬ್ಲೇಡು ಕೂದಲನ್ನು ಹಿಡಿದು ಸ್ವಲ್ಪ ಮೇಲಕ್ಕೆಳೆಯುತ್ತೆ, ಅದು ಹಿಂದಕ್ಕೆ ಸರಿಯೋಕೆ ಮುಂಚೆ ಹಿಂದಿನ ಬ್ಲೇಡು ಕತ್ತರಿಸುತ್ತೆ. ಉಳಿದ ತುದಿ ಚರ್ಮದ ಮಟ್ಟಕ್ಕಿಂತ ಕೆಳಕ್ಕೆ ಹೋಗಿ ಕೂರುತ್ತೆ. ಕೆನ್ನೆ ನುಣುಪೇನೋ ಆಗುತ್ತೆ, ಗುಂಗುರು ಗಡ್ಡದವರಿಗೆ ಮಾತ್ರ ಆ ನುಣುಪೇ ಸಮಸ್ಯೆ. ಸೇಫ್ಟಿ ರೇಜರ್‌ನಲ್ಲಿ ಒಂದು ಸಲಕ್ಕೆ ಚರ್ಮದ ಮೇಲೆ ಓಡೋದು ಒಂದೇ ಅಂಚು. ನನ್ನ ಮಟ್ಟಿಗೆ ಇದನ್ನು ಕಲಿಯೋಕೆ ಇರೋ ನಿಜವಾದ ಕಾರಣ ಇದೇ, ಹಣ ಉಳಿಯೋದು ಆಮೇಲಿನ ಮಾತು.

ಹಾಗಾದರೆ ಇದಕ್ಕೆ ಬದಲಾಯಿಸಿದವರಿಗೆ ಉರಿ ಯಾಕೆ? ಕೈಗೆ ಹಳೆಯ ಅಭ್ಯಾಸ ಅಂಟಿಕೊಂಡಿರುತ್ತೆ. ಕಾರ್ಟ್ರಿಜ್‌ನ ತಲೆ ಕೀಲಿನ ಮೇಲೆ ತಾನೇ ಬಾಗುತ್ತೆ, ನೀವು ಒತ್ತಿದರೂ ಅದು ಸ್ವಲ್ಪ ನುಂಗಿಕೊಳ್ಳುತ್ತೆ. ಸೇಫ್ಟಿ ರೇಜರ್‌ಗೆ ಕೀಲಿಲ್ಲ. ಕೋನ ನಿಮ್ಮ ಜವಾಬ್ದಾರಿ, ಒತ್ತಡವೂ ನಿಮ್ಮದೇ. ಫ್ರೇಮ್‌ವರ್ಕ್ ತಾನೇ ನೋಡಿಕೊಳ್ತಿದ್ದ ಕೆಲಸ ಈಗ ನಮ್ಮ ಕೋಡ್ ಮೇಲೆ ಬಿತ್ತು ಅನ್ನಿ.

ಒತ್ತಡದ ಉತ್ತರ ಸುಲಭ: ಒತ್ತಲೇಬೇಡಿ. ಲೋಹದ ರೇಜರ್ ತಾನೇ ಭಾರವಿರುತ್ತೆ, ಆ ಭಾರವೇ ಕತ್ತರಿಸೋಕೆ ಸಾಕು. ಹೇಳಿದಷ್ಟು ಸುಲಭಕ್ಕೆ ಕೈ ಕೇಳಲ್ಲ. ಅದಕ್ಕೆ ತಮ್ಮನಿಗೆ ಹಿಡಿಕೆಯ ತೀರಾ ತುದಿಯನ್ನು ಎರಡು ಬೆರಳು ಮತ್ತು ಹೆಬ್ಬೆರಳಿನಲ್ಲಿ ಹಿಡಿಯೋಕೆ ಹೇಳಿದೆ, ಪೆನ್ಸಿಲ್ ಹಿಡಿದ ಹಾಗೆ. ತುದಿಯಲ್ಲಿ ಹಿಡಿದರೆ ಒತ್ತಬೇಕು ಅಂದರೂ ಅಷ್ಟು ಬಲ ಬರಲ್ಲ.

ಕೋನಕ್ಕೆ ಹೀಗೆ ಮಾಡಿ. ರೇಜರ್‌ನ ತಲೆಯ ಮೇಲ್ಭಾಗವನ್ನು ಕೆನ್ನೆಗೆ ತಾಗಿಸಿ, ಹಿಡಿಕೆ ಮುಖದಿಂದ ನೇರ ಹೊರಕ್ಕೆ ಚಾಚಿರಲಿ. ಈಗ ಬ್ಲೇಡು ಚರ್ಮ ಮುಟ್ಟಿರೋದಿಲ್ಲ. ಹಿಡಿಕೆಯನ್ನು ನಿಧಾನಕ್ಕೆ ಕೆಳಗಿಳಿಸುತ್ತಾ ಬನ್ನಿ. ಬ್ಲೇಡು ಕೂದಲಿಗೆ ಸಿಕ್ಕಿ ಸಣ್ಣಗೆ ಕರಕರ ಅನ್ನೋಕೆ ಶುರುವಾದ ಜಾಗವೇ ನಿಮ್ಮ ಕೋನ. ಚರ್ಮಕ್ಕೂ ಬ್ಲೇಡಿಗೂ ಸುಮಾರು 30 ಡಿಗ್ರಿ ಅಂತ ಹೇಳ್ತಾರೆ. ಬಾತ್‌ರೂಮಿನಲ್ಲಿ ಯಾರೂ ಕೋನಮಾಪಕ ಇಟ್ಟುಕೊಂಡಿರಲ್ಲ, ಕಿವಿಯನ್ನು ನಂಬಿ. ಫ್ಯಾನು, ಹಾಡು ಎರಡೂ ಆಫ್ ಇರಲಿ. ಒಂದೊಂದು ಎಳೆತ ಎರಡು ಬೆರಳಿನ ಅಗಲ ಇದ್ದರೆ ಸಾಕು. ಕೆನ್ನೆಯ ಮೇಲಿಂದ ಗದ್ದದವರೆಗೆ ಒಂದೇ ಸಲಕ್ಕೆ ಸೊಯ್ಯಂತ ಎಳೆಯೋದು ಜಾಹೀರಾತಿನವರಿಗೆ ಬಿಡಿ.

ಇನ್ನು ಕೂದಲಿನ ದಿಕ್ಕು. ಇಡೀ ವಿಷಯದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೆ, ಆದರೆ ಯಾರೂ ಕೊಡಲ್ಲ. ಎರಡು ದಿನ ಶೇವ್ ಮಾಡದೆ ಬಿಟ್ಟು, ಒಣ ಮುಖದ ಮೇಲೆ ಬೆರಳಾಡಿಸಿ ನೋಡಿ. ನುಣುಪಾಗಿ ಜಾರಿದ ಕಡೆ ಕೂದಲು ಬೆಳೆಯೋ ದಿಕ್ಕು, ತಡೆದು ಚುಚ್ಚಿದ ಕಡೆ ಎದುರು ದಿಕ್ಕು. ಕೆನ್ನೆಯಲ್ಲಿ ಹೆಚ್ಚಾಗಿ ಎಲ್ಲರಿಗೂ ಮೇಲಿಂದ ಕೆಳಕ್ಕೆ. ಕುತ್ತಿಗೆಯಲ್ಲಿ ಆ ನಂಬಿಕೆ ಇಟ್ಟುಕೊಳ್ಳಬೇಡಿ. ಕೆಲವರಿಗೆ ಕೆಳಗಿಂದ ಮೇಲಕ್ಕೆ, ಕೆಲವರಿಗೆ ಅಡ್ಡಕ್ಕೆ, ಇನ್ನು ಕೆಲವರಿಗೆ ಗಂಟಲ ಪಕ್ಕದಲ್ಲಿ ಸುಳಿ. ತಮ್ಮನಿಗೆ ದವಡೆಯ ಕೆಳಗೆ ಎಡಗಡೆ ಕೂದಲು ಕಿವಿಯ ಕಡೆಗೆ ಓಡುತ್ತೆ, ಬಲಗಡೆ ನೇರ ಮೇಲಕ್ಕೆ. ಅವನು ಇಷ್ಟು ವರ್ಷ ಎರಡೂ ಕಡೆ ಮೇಲಿಂದ ಕೆಳಕ್ಕೆ ಎಳೀತಿದ್ದ, ಅಂದರೆ ಬಲಗಡೆ ದಿನಾ ಪೂರ್ತಿ ಎದುರು ದಿಕ್ಕಿಗೆ. ಗುಳ್ಳೆ ಹೆಚ್ಚು ಇದ್ದದ್ದೂ ಬಲಗಡೆಯೇ. ಒಂದು ಸೆಲ್ಫಿ ತೆಗೆದು ಅದರ ಮೇಲೆ ಬಾಣದ ಗುರುತು ಹಾಕಿಟ್ಟುಕೊಳ್ಳಿ, ಒಂದು ತಿಂಗಳು ಅದೇ ನಿಮ್ಮ ಮ್ಯಾಪ್.

ಆ ಮೊದಲ ತಿಂಗಳು ಕೂದಲಿನ ದಿಕ್ಕಿಗೆ ಒಂದೇ ಸುತ್ತು. ಕೈಗೆ ಚೂರು ತರಿತರಿ ಸಿಕ್ಕೇ ಸಿಗುತ್ತೆ. ಮೂರಡಿ ದೂರದಲ್ಲಿ ನಿಂತವರಿಗೆ ಅದು ಕಾಣಲ್ಲ. ವಿಡಿಯೋ ಕಾಲ್‌ನಲ್ಲಿ ತಮ್ಮ ದಿನಾ ಕೇಳ್ತಿದ್ದದ್ದು ಇದೊಂದೇ: ‘ಅಣ್ಣ, ಇಲ್ಲಿ ಒಂಚೂರು ಉಳಿದಿದೆ, ಹಾಗೇ ಒಂದ್ಸಲ ಎಳೆದುಬಿಡ್ಲಾ?’ ‘ಬೇಡ ಕಣೋ, ಬಿಡು’ ಅನ್ನೋದೇ ನನ್ನ ಕೆಲಸ. ನೊರೆ ಹೋದ ಜಾಗದ ಮೇಲೆ ಹಾಕುವ ಆ ‘ಒಂದ್ಸಲ’ದಿಂದಲೇ ಅರ್ಧ ಉರಿ ಬರೋದು. ಚರ್ಮ ಹೊಂದಿಕೊಂಡ ಮೇಲೆ ಬೇಕಿದ್ದರೆ ಮತ್ತೆ ನೊರೆ ಹಚ್ಚಿ ಅಡ್ಡಕ್ಕೆ ಎರಡನೆಯ ಸುತ್ತು. ಎದುರು ದಿಕ್ಕು ಗುಂಗುರು ಗಡ್ಡದವರಿಗೆ ಯಾವತ್ತೂ ಬೇಡ. ಅವರು ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯೋದೂ ಬೇಡ. ಬಿಟ್ಟ ತಕ್ಷಣ ಕತ್ತರಿಸಿದ ತುದಿ ಒಳಕ್ಕೆ ಸರಿಯುತ್ತೆ.

ನೊರೆಗೆ ಬರೋಣ. ಬೆಂಗಳೂರಿನಲ್ಲಿ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಅಪಾರ್ಟ್‌ಮೆಂಟುಗಳಲ್ಲಿ ಇರೋರಿಗೆ ಇದು ಗೊತ್ತಿರುತ್ತೆ: ಎಷ್ಟು ಬ್ರಷ್ ತಿರುಗಿಸಿದರೂ ನೊರೆ ನಿಲ್ಲಲ್ಲ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಜೊತೆ ಸೇರಿ ಜಿಡ್ಡು ಗಸಿಯಾಗಿಬಿಡುತ್ತೆ, ಜಾರಿಸೋ ನೊರೆ ಆಗಲ್ಲ. ಆಮೇಲೆ ಬ್ಲೇಡಿಗೆ ಬೈತೀವಿ. ಅಡುಗೆಮನೆಯ ಫಿಲ್ಟರಿನಿಂದ ಒಂದು ಲೋಟ ನೀರು ಹಿಡಿದು ಬಿಸಿ ಮಾಡಿ, ನೊರೆಗೆ ಅದನ್ನೇ ಬಳಸಿ ನೋಡಿ, ವ್ಯತ್ಯಾಸ ಅದೇ ದಿನ ಗೊತ್ತಾಗುತ್ತೆ. ಕ್ರೀಮು ಗೋದ್ರೆಜ್, ಪಾಮೋಲಿವ್, ವಿ-ಜಾನ್ ಯಾವುದಾದರೂ ನಡೆಯುತ್ತೆ. ಘಾಟು ವಾಸನೆ ಆಗದವರು ವಾಸನೆ ಇಲ್ಲದ್ದು ಹುಡುಕಿಕೊಳ್ಳಿ. ಸ್ನಾನ ಆದ ಮೇಲೆ ಶೇವ್ ಮಾಡಿ, ಮುಂಚೆ ಬೇಡ. ಗಡ್ಡದ ಕೂದಲು ನೀರು ಕುಡಿದು ಮೆತ್ತಗಾಗೋಕೆ ಎರಡು ಮೂರು ನಿಮಿಷ ಬೇಕು. ಮೆತ್ತಗಾದ ಕೂದಲಿಗೆ ಕಡಿಮೆ ಬಲ ಸಾಕು.

ರೇಜರ್ ಯಾವುದು ಅಂತ ಬಹಳ ತಲೆ ಕೆಡಿಸಿಕೊಳ್ಳಬೇಡಿ. ಹಲ್ಲಿನ ಹಾಗೆ ಬಿಟ್ಟಿರೋ ಓಪನ್ ಕೋಂಬ್ ಬೇಡ, ನೇರ ಅಂಚಿನ ಮೃದು ಮಾದರಿ ಸಾಕು. ಅಪ್ಪನ ಹಳೆಯದು ಮನೆಯಲ್ಲಿದ್ದರೆ ಸ್ಕ್ರೂ ಸವೆದಿಲ್ಲ, ತಲೆ ಬಾಗಿಲ್ಲ ಅಂತ ನೋಡಿಕೊಂಡು ಅದನ್ನೇ ತಗೊಳ್ಳಿ. ಕಿಂಗ್ ಕ್ಯಾಂಪ್ ಜಿಲೆಟ್‌ಗೆ ಈ ರೇಜರ್‌ನ ಪೇಟೆಂಟ್ ಸಿಕ್ಕಿದ್ದು 1904ರಲ್ಲಿ. ತೆಳು ತಗಡಿನಂಥ ಸ್ಟೀಲನ್ನು ಗಟ್ಟಿ ಮಾಡಿ ಹರಿತಗೊಳಿಸೋ ಯಂತ್ರವನ್ನು ಮಾಡಿಕೊಟ್ಟದ್ದು ವಿಲಿಯಂ ನಿಕರ್ಸನ್ ಅನ್ನೋ ಎಂಜಿನಿಯರ್. ಅವನ ಹೆಸರು ಯಾರಿಗೂ ನೆನಪಿಲ್ಲ, ನಮ್ಮ ವೃತ್ತಿಯಲ್ಲಿ ಅದು ಹೊಸದೇನಲ್ಲ ಬಿಡಿ. ಇವತ್ತು ಕಿರಾಣಿ ಅಂಗಡಿಯಲ್ಲಿ ಸಿಗೋ ಎರಡಂಚಿನ ಬ್ಲೇಡು ಅಪ್ಪನ ಕಾಲದ ರೇಜರ್‌ಗೂ ಕೂರುತ್ತೆ, ಈಗಿನ ಜರ್ಮನ್ ರೇಜರ್‌ಗೂ ಕೂರುತ್ತೆ. ಇಷ್ಟು ವರ್ಷ ಹಳೆಯದರ ಜೊತೆ ಹೊಂದಿಕೊಂಡು ಬಂದ ಒಂದು ಸಾಫ್ಟ್‌ವೇರ್ ತೋರಿಸಿ ನೋಡೋಣ.

ಬ್ಲೇಡು ಮಾತ್ರ ಮುಖದಿಂದ ಮುಖಕ್ಕೆ ಬೇರೆ. ಜಪಾನಿನ ಫೆದರ್ ತುಂಬ ಚೂಪು, ಕಲಿಯೋರ ಕೈಗೆ ಈಗಲೇ ಬೇಡ. ಸೆವೆನ್ ಓ ಕ್ಲಾಕ್, ಟೋಪಾಜ್, ಸೂಪರ್‌ಮ್ಯಾಕ್ಸ್ ಒಂದೊಂದು ಸಣ್ಣ ಪ್ಯಾಕ್ ತಂದು ವಾರಕ್ಕೊಂದು ಬ್ರ್ಯಾಂಡ್ ನೋಡಿ. ಒಂದು ಬ್ಲೇಡಿಗೆ ಕೆಲವೇ ರೂಪಾಯಿ, ಆದ್ದರಿಂದ ನಾಲ್ಕೈದು ಶೇವ್ ಆದ ಮೇಲೆ ಜಿಪುಣತನ ಬೇಡ. ಎಳೆಯೋವಾಗ ಕೂದಲು ಜಗ್ಗಿದ ಹಾಗಾದರೆ ಅದಕ್ಕೂ ಮುಂಚೆಯೇ ಬದಲಾಯಿಸಿ. ಇಷ್ಟು ಗಟ್ಟಿ ಸ್ಟೀಲು ಕೂದಲಿಗೆ ಯಾಕೆ ಸೋಲುತ್ತೆ ಅನ್ನೋದನ್ನು ಎಂಐಟಿಯವರು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದಿದ್ದಾರೆ. ಸಂಶೋಧಕರಲ್ಲಿ ಒಬ್ಬ ತಾನೇ ಶೇವ್ ಮಾಡಿಕೊಂಡು ಬ್ಲೇಡನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ನೋಡಿದ. ಕೂದಲು ಸ್ಟೀಲಿಗಿಂತ ಸುಮಾರು 50 ಪಟ್ಟು ಮೃದು, ಆದರೂ ಓರೆಯಾಗಿ ಬಂದು ತಾಗಿದಾಗ ಅಂಚಿನಲ್ಲಿ ಸಣ್ಣ ಸಣ್ಣ ಚೂರು ಎದ್ದುಹೋಗುತ್ತೆ, ಸ್ಟೀಲಿನ ಒಳರಚನೆ ಒಂದೇ ಸಮ ಇಲ್ಲದ ಜಾಗದಲ್ಲಿ. ಅಂಥ ಹಲ್ಲುಬಿದ್ದ ಅಂಚನ್ನೇ ನಾವು ಹತ್ತನೇ ದಿನ ಕುತ್ತಿಗೆಗೆ ಇಡ್ತೀವಿ.

ಶೇವ್ ಆದ ಮೇಲೆ ತಣ್ಣೀರಿನಲ್ಲಿ ತೊಳೆದು ಟವೆಲಿನಲ್ಲಿ ಒತ್ತಿ ಒರೆಸಿ, ಉಜ್ಜಬೇಡಿ. ಆಮೇಲೆ ಪಟಿಕ. ಕಟಿಂಗ್ ಶಾಪಿನಲ್ಲಿ ಮುಖಕ್ಕೆ ಒರೆಸ್ತಾರಲ್ಲ, ಆ ಬಿಳಿ ಹಳಕು. ಗ್ರಂದಿಗೆ ಅಂಗಡಿಯಲ್ಲಿ ಸಿಗುತ್ತೆ. ಸಣ್ಣ ಗೀರಿನ ರಕ್ತ ನಿಲ್ಲಿಸುತ್ತೆ. ನನಗೆ ಅದಕ್ಕಿಂತ ಇಷ್ಟ ಅದು ಕೊಡೋ ವರದಿ: ಎಲ್ಲಿ ಚುರುಗುಟ್ಟುತ್ತೋ ಅಲ್ಲಿ ಜಾಸ್ತಿ ಒತ್ತಿದ್ದೀರಿ ಅಂತ ಅರ್ಥ. ತಮ್ಮ ಎರಡು ವಾರ ಅದನ್ನೇ ಲಾಗ್ ಫೈಲಿನ ಹಾಗೆ ಬರೆದಿಟ್ಟ, ‘ಬಲ ದವಡೆ, ಗಂಟಲ ಮಣಿ ಪಕ್ಕ’ ಅಂತ. ಅರ್ಧ ನಿಮಿಷ ಬಿಟ್ಟು ತೊಳೆದು, ಆಲ್ಕೋಹಾಲ್ ಇಲ್ಲದ ಮಾಯಿಶ್ಚರೈಸರ್ ಹಚ್ಚಿ. ಉರಿಯೋ ಆಫ್ಟರ್‌ಶೇವ್ ಗಂಡಸುತನ ಅನ್ನೋ ಕಥೆ ನಮ್ಮ ಚಿಕ್ಕಪ್ಪಂದಿರ ಕಾಲಕ್ಕೇ ಮುಗೀಲಿ.

ಒಂದು ಮಾತು ಖಂಡಿತವಾಗಿ ಹೇಳಬೇಕು. ಈಗಾಗಲೇ ಗುಳ್ಳೆ ತುಂಬಿರೋ ಕುತ್ತಿಗೆಯ ಮೇಲೆ ಹೊಸ ರೇಜರ್ ಕಲೀಬೇಡಿ. ಕೀವು ಇದ್ದರೆ, ಗಂಟು ಕಟ್ಟಿದ್ದರೆ ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಸೂಜಿಯಲ್ಲಿ ಕೂದಲು ಕೀಳೋ ಕೆಲಸ ಮನೆಯಲ್ಲಿ ಮಾಡಿದರೆ ಕಲೆ ಉಳಿಯುತ್ತೆ, ನಮ್ಮ ಬಣ್ಣದ ಚರ್ಮದಲ್ಲಿ ಅದು ತಿಂಗಳುಗಟ್ಟಲೆ ಹೋಗಲ್ಲ. ತಮ್ಮನ ಡಾಕ್ಟರ್ ಮೂರು ವಾರ ಬ್ಲೇಡು ಮುಟ್ಟಬೇಡ, ಟ್ರಿಮ್ಮರ್‌ನಲ್ಲಿ ಚೂರು ಉಳಿಸಿ ತೆಗಿ ಅಂದರು. ಚೀಟಿ ಬರೆದುಕೊಟ್ಟರು. ಅದನ್ನು ಮ್ಯಾನೇಜರ್‌ಗೆ ತೋರಿಸೋಕೆ ಅವನಿಗೆ ಎಲ್ಲಿಲ್ಲದ ಸಂಕೋಚ, ಮೂರು ದಿನ ಜೇಬಿನಲ್ಲೇ ಇಟ್ಟುಕೊಂಡಿದ್ದ. ತೋರಿಸಿದ ಮೇಲೆ ಅವರು, ‘ಇದನ್ನ ಮೊದಲೇ ಹೇಳೋದಲ್ವಾ’ ಅಂದು ಮೂರು ವಾರ ಬ್ಯಾಕ್ ಆಫೀಸಿಗೆ ಹಾಕಿದರಂತೆ. ಕೆಲಸದ ನಿಯಮ ಅಂತ ಹೆದರಿ ಗಾಯದ ಮೇಲೆ ಕೆರೆಯೋರು ಓದುಗರಲ್ಲಿ ಯಾರಾದರೂ ಇದ್ದರೆ ಆ ಚೀಟಿ ಕೇಳಿ ಪಡೆಯಿರಿ. ಈಗ ಅವನು ಪರ್ಮನೆಂಟ್. ಕುತ್ತಿಗೆ ಪೂರ್ತಿ ಸರಿ ಹೋಗಿಲ್ಲ, ಅವಸರದ ದಿನ ಒಂದೆರಡು ಗುಳ್ಳೆ ಇನ್ನೂ ಏಳುತ್ತೆ. ಹಳೆಯ ಕಲೆ ನಿಧಾನಕ್ಕೆ ಮಾಸ್ತಿದೆ.

ಪಿಜಿಯಲ್ಲಿ, ರೂಮಿನಲ್ಲಿ ಇರೋರಿಗೆ: ರೇಜರ್, ಬ್ಲೇಡು ಯಾರ ಜೊತೆಗೂ ಹಂಚಿಕೊಳ್ಳಬೇಡಿ, ಎಷ್ಟೇ ಜೀವದ ಗೆಳೆಯ ಆದರೂ. ಹೆಪಟೈಟಿಸ್ ಬಿ ರಕ್ತದಿಂದ ಹರಡುತ್ತೆ, ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಹಳೆಯ ಬ್ಲೇಡನ್ನು ಹಾಗೇ ಕಸದ ಚೀಲಕ್ಕೆ ಹಾಕಿದರೆ ಅದು ಬೆಳಿಗ್ಗೆ ಕಸ ಬೇರೆ ಮಾಡೋ ಪೌರಕಾರ್ಮಿಕರ ಕೈ ಕೊಯ್ಯುತ್ತೆ. ಮುಚ್ಚಳ ಗಟ್ಟಿ ಇರೋ ಒಂದು ತಗಡಿನ ಡಬ್ಬಿಗೆ ಬ್ಲೇಡು ತೂರುವಷ್ಟು ಸೀಳು ಮಾಡಿ, ಒಳಕ್ಕೆ ಬಿಡ್ತಾ ಹೋಗಿ. ತುಂಬಿದ ಮೇಲೆ ಸೀಳಿಗೆ ಟೇಪ್ ಸುತ್ತಿ, ‘ಬ್ಲೇಡ್ ಇದೆ’ ಅಂತ ದೊಡ್ಡದಾಗಿ ಬರೆದು, ಕಸದ ಗಾಡಿಯವರ ಕೈಗೇ ಹೇಳಿ ಕೊಡಿ. ನಮ್ಮ ಮನೆಯ ಡಬ್ಬಿ ಎರಡು ವರ್ಷಕ್ಕೆ ಇನ್ನೂ ಅರ್ಧವೂ ತುಂಬಿಲ್ಲ.